ಸಿ.ವಿ.ಯನ್ನು ಏಜೆನ್ಸಿಗೆ ಯಾವ ರೂಪದಲ್ಲಿ ಕಳುಹಿಸಬೇಕು?



ಸಾಹಿತ್ಯ, ಸಂಗೀತ, ದಾಸರ ಪದಗಳ ವಿಚಾರವನ್ನು ಕೇಳಿ ಅಭ್ಯಾಸವಾಗಿರುವ ಸಭೆಯ ಮುಂದೆ ಇಂದು ನಾವು ತೀರ ಲೌಕಿಕವಾದ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ನಗರಗಳಲ್ಲಿ ಕೆಲಸ ಅರಸುತ್ತಿರುವ ನಮ್ಮ ಕಿರಿಯ ಬಂಧುಗಳು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಉದ್ಯೋಗಕ್ಕೆ ಮರಳಬಯಸುವ ಗೃಹಿಣಿಯರು, ಓದು ಮುಗಿಸಿ ವೀಸಾದ ಉಳಿದ ದಿನಗಳನ್ನು ಎಣಿಸುತ್ತಿರುವ ವಿದ್ಯಾರ್ಥಿಗಳು, ಇವರೆಲ್ಲರೂ ಕೇಳುವ ಪ್ರಶ್ನೆಯಿದು: ನೇಮಕಾತಿ ಏಜೆನ್ಸಿಗೆ ಸಿ.ವಿ.ಯನ್ನು ವರ್ಡ್ ಕಡತವಾಗಿ ಕಳುಹಿಸಬೇಕೆ, ಪಿ.ಡಿ.ಎಫ್. ಆಗಿ ಕಳುಹಿಸಬೇಕೆ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನಡುವೆ ಏಜೆನ್ಸಿ ಇದ್ದರೆ ಸರಳವಾಗಿ ಜೋಡಿಸಿದ ವರ್ಡ್ ಕಡತ. ಉದ್ಯೋಗದಾತರಿಗೆ ನೇರವಾಗಿ ಕಳುಹಿಸುವಾಗ ಪಿ.ಡಿ.ಎಫ್.; ಯಾವುದನ್ನು ಕಳುಹಿಸಿದರೂ ಆ ದಿನದ ಪ್ರತಿಯೊಂದು ಪಿ.ಡಿ.ಎಫ್. ಆಗಿ ನಿಮ್ಮಲ್ಲಿ ಉಳಿಯಬೇಕು. ಇದಕ್ಕೆ ಕಾರಣವನ್ನು ಅರಿತವರಿಗೆ ನಾಳೆ ಬೇರೊಂದು ಬಗೆಯ ಕಡತ ಬಳಕೆಗೆ ಬಂದರೂ ತೊಡಕಾಗದು. ಆ ಕಾರಣವನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ನಡುವೆ ಇರುವವರು

"ದೇವರು ಕೊಟ್ಟರೂ ಪೂಜಾರಿ ಕೊಡ" ಎಂಬ ಗಾದೆ ನಮ್ಮಲ್ಲಿ ಉಂಟು. ಕಳೆದ ಹದಿನೈದು ವರ್ಷಗಳಲ್ಲಿ ಲಂಡನ್ನಿನಿಂದಾಚೆಗೂ ಉದ್ಯೋಗಗಳು ಹರಡಿವೆ. ಬಿ.ಬಿ.ಸಿ.ಯ ಹಲವು ವಿಭಾಗಗಳು 2011ರಿಂದ ಮ್ಯಾಂಚೆಸ್ಟರಿನ ಮಗ್ಗುಲಿನ ಸಾಲ್ಫರ್ಡಿಗೆ ಬಂದವು, ಎಚ್.ಎಸ್.ಬಿ.ಸಿ. ಯು.ಕೆ. ಬ್ಯಾಂಕು 2018ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತನ್ನ ಮುಖ್ಯ ಕಚೇರಿಯನ್ನು ತೆರೆಯಿತು. ಕವೆಂಟ್ರಿ, ಸೊಲಿಹಲ್ ಕಡೆಯ ಮೋಟಾರು ಉದ್ಯಮದಲ್ಲಿ ನಮ್ಮ ಎಂಜಿನಿಯರುಗಳು ಅನೇಕರಿದ್ದಾರೆ. ಇಂತಹ ಊರುಗಳ ಕಂಪನಿಗಳು ಕೆಲವು ಹುದ್ದೆಗಳನ್ನು ತಾವೇ ತುಂಬಿಕೊಳ್ಳುತ್ತವೆ; ಇನ್ನು ಕೆಲವನ್ನು, ಅದರಲ್ಲಿಯೂ ಗುತ್ತಿಗೆಯ ಕೆಲಸಗಳನ್ನು, ಏಜೆನ್ಸಿಗಳಿಗೆ ವಹಿಸುತ್ತವೆ. ಅಂತಹ ಹುದ್ದೆಗೆ ಅರ್ಜಿ ಹಾಕಿದಾಗ ನಿಮ್ಮ ಸಿ.ವಿ. ಉದ್ಯೋಗದಾತರ ಮೇಜಿಗೆ ನೆಟ್ಟಗೆ ಹೋಗುವುದಿಲ್ಲ. ನಡುವೆ ಒಂದು ಕೈ ಇದೆ. ಆ ಕೈಗಿಂತ ಮೊದಲು ಒಂದು ಯಂತ್ರವೂ ಇರಬಹುದು.

ಆ ನಡುವಿನ ಕೈ ಸಾಮಾನ್ಯವಾಗಿ ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ನಿಮ್ಮ ಸಿ.ವಿ.ಯನ್ನು ತನ್ನ ದತ್ತಾಂಶ ಸಂಗ್ರಹಕ್ಕೆ ಸೇರಿಸುತ್ತದೆ. ಆಗ ಒಂದು ತಂತ್ರಾಂಶವು ಕಡತವನ್ನು ಓದಿ ಹೆಸರು, ದೂರವಾಣಿ, ಊರು, ಹಿಂದಿನ ಕೆಲಸಗಳು, ಕೌಶಲಗಳು ಎಂದು ಬೇರೆ ಬೇರೆ ಗೂಡುಗಳಲ್ಲಿ ಹಂಚಿಡುತ್ತದೆ. ಮುಂದೊಂದು ದಿನ ಏಜೆನ್ಸಿಯವರು ಇಂಥ ಕೌಶಲವುಳ್ಳವರು, ಲೀಡ್ಸ್ ಸಮೀಪದವರು ಯಾರಿದ್ದಾರೆ ಎಂದು ಹುಡುಕುವುದು ಈ ಗೂಡುಗಳಲ್ಲಿ. ಎರಡನೆಯದಾಗಿ, ಉದ್ಯೋಗದಾತರಿಗೆ ಕಳುಹಿಸುವ ಮುನ್ನ ನಿಮ್ಮ ವಿಳಾಸ, ದೂರವಾಣಿ, ಇ-ಮೇಲ್‌ಗಳನ್ನು ತೆಗೆದುಹಾಕುತ್ತದೆ. ಏಜೆನ್ಸಿಗೆ ಶುಲ್ಕ ಕೊಡುವವರು ಉದ್ಯೋಗದಾತರು. ಅವರು ನಿಮ್ಮನ್ನು ನೇರವಾಗಿ ಕರೆದುಕೊಂಡರೆ ಶುಲ್ಕ ಕೈತಪ್ಪೀತು ಎಂಬ ಎಚ್ಚರಿಕೆಯಿದು. ಕೆಲವೊಮ್ಮೆ ಪಕ್ಷಪಾತವಾಗದಿರಲೆಂದು ಹೆಸರನ್ನೇ ಮರೆಮಾಡಿ ಕಳುಹಿಸುವಂತೆ ಉದ್ಯೋಗದಾತರೇ ಕೇಳುವುದುಂಟು. ಮೂರನೆಯದಾಗಿ, ತನ್ನ ಲಾಂಛನವುಳ್ಳ ಹಾಳೆಯ ಮೇಲೆ ಸಿ.ವಿ.ಯನ್ನು ಮರುಜೋಡಿಸುತ್ತದೆ.

ಈ ಮೂರನ್ನೂ ವರ್ಡ್ ಕಡತದಲ್ಲಿ ನಿಮಿಷಗಳಲ್ಲಿ ಮಾಡಬಹುದು. ಪಿ.ಡಿ.ಎಫ್. ಬಂದರೆ ಅದನ್ನು ಪರಿವರ್ತಿಸಬೇಕು, ಚೆಲ್ಲಾಪಿಲ್ಲಿಯಾದ ಸಾಲುಗಳನ್ನು ಕೈಯಿಂದ ಸರಿಪಡಿಸಬೇಕು. ಸಂಜೆಯೊಳಗೆ ನಾಲ್ಕು ಸಿ.ವಿ.ಗಳನ್ನು ಕಳುಹಿಸಬೇಕಾಗಿರುವ ಮನುಷ್ಯನು ಆ ಶ್ರಮ ಬೇಡುವ ಕಡತವನ್ನು ಬದಿಗಿಟ್ಟರೆ ಆಶ್ಚರ್ಯವಿಲ್ಲ. "ದಯವಿಟ್ಟು ವರ್ಡ್‌ನಲ್ಲಿ ಕಳುಹಿಸಿ" ಎಂಬ ಮರುಪತ್ರದ ಹಿಂದೆ ಇರುವುದು ಇಷ್ಟೆ. ಅದರಲ್ಲಿ ಕುತಂತ್ರವನ್ನು ಶಂಕಿಸಬೇಕಾದುದಿಲ್ಲ. ಎಚ್ಚರವನ್ನು ಮಾತ್ರ ಬಿಡಬಾರದು. ಅದರ ವಿಚಾರ ಮುಂದೆ ಬರುತ್ತದೆ.

ಕಣ್ಣಿನ ಓದು, ಯಂತ್ರದ ಓದು

ಗಣಕದಲ್ಲಿ ಕನ್ನಡ ಬರೆದವರಿಗೆ ಈ ವಿಷಯವನ್ನು ತಿಳಿಸುವುದು ಸುಲಭ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತು. ಯೂನಿಕೋಡ್ ರೂಢಿಗೆ ಬರುವ ಮುನ್ನ ಆ ಫಾಂಟುಗಳಲ್ಲಿ ಬೆರಳಚ್ಚಿಸಿದ ಲೇಖನವನ್ನು, ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಾಣಿಸುತ್ತಿದ್ದವು. ಅದನ್ನೇ ಪಿ.ಡಿ.ಎಫ್. ಮಾಡಿ ಕಳುಹಿಸಿದರೆ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಆದರೆ ಅದರಿಂದ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಮತ್ತೆ ಅದೇ ಗೊಂದಲ. ಕಣ್ಣಿಗೆ ಕಾಣುವ ಅಕ್ಷರ ಬೇರೆ, ಯಂತ್ರದೊಳಗಿನ ಅಕ್ಷರ ಬೇರೆ ಎಂಬ ಪಾಠವನ್ನು ನಾವು ಕನ್ನಡದ ಮೂಲಕ ಎಂದೋ ಕಲಿತಿದ್ದೇವೆ. ಇಂಗ್ಲಿಷಿನ ಸಿ.ವಿ.ಗೂ ಅದೇ ಪಾಠ ಅನ್ವಯಿಸುತ್ತದೆ.

ಅಡೋಬಿ ಕಂಪನಿಯು 1993ರಲ್ಲಿ ಪಿ.ಡಿ.ಎಫ್. ಅನ್ನು ಹೊರತಂದದ್ದು, ಪುಟವು ಯಾವ ಗಣಕದಲ್ಲಿ ತೆರೆದರೂ ಯಾವ ಮುದ್ರಣಯಂತ್ರದಲ್ಲಿ ಅಚ್ಚಾದರೂ ಒಂದೇ ತೆರನಾಗಿ ಕಾಣಲೆಂದು. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಈ ಅಕ್ಷರವನ್ನು ಪುಟದ ಈ ಬಿಂದುವಿನಲ್ಲಿ ಇಡು ಎಂಬ ಆಜ್ಞೆಗಳೇ ಅದರ ತಿರುಳು. ಇದು ಶೀರ್ಷಿಕೆ, ಇದು ಪ್ಯಾರಾ, ಈ ಇಸವಿ ಈ ಉದ್ಯೋಗಕ್ಕೆ ಸೇರಿದ್ದು ಎಂಬ ಸಂಬಂಧಗಳು ಅದರಲ್ಲಿ ಇದ್ದೇ ತೀರಬೇಕೆಂದಿಲ್ಲ. ವರ್ಡ್‌ನ ಹೊಸ ರೂಪವು, ಅಂದರೆ ಹೆಸರಿನ ಕೊನೆಗೆ ಡಿ-ಒ-ಸಿ-ಎಕ್ಸ್ ಎಂಬ ನಾಲ್ಕಕ್ಷರಗಳುಳ್ಳ ಕಡತವು, 2007ರ ಆಫೀಸ್ ತಂತ್ರಾಂಶದೊಂದಿಗೆ ಬಳಕೆಗೆ ಬಂದಿತು. ಇದರಲ್ಲಿ ಪಠ್ಯವು ಪ್ಯಾರಾ ಪ್ಯಾರಾಗಳಾಗಿ, ಓದುವ ಕ್ರಮದಲ್ಲಿಯೇ ಇರುತ್ತದೆ. ಆದುದರಿಂದ ಯಂತ್ರಕ್ಕೆ ಇದು ಸಲೀಸು.

ಹಾಗೆಂದು ಪಿ.ಡಿ.ಎಫ್. ಅನ್ನು ಯಂತ್ರ ಓದಲಾರದು ಎಂದು ತಿಳಿಯಬಾರದು. ವರ್ಡ್‌ನಿಂದ ನೇರವಾಗಿ ಉಳಿಸಿದ, ಒಂದೇ ಅಂಕಣದ ಪಿ.ಡಿ.ಎಫ್. ಅನ್ನು ಇಂದಿನ ತಂತ್ರಾಂಶಗಳು ಸಾಮಾನ್ಯವಾಗಿ ಚೆನ್ನಾಗಿಯೇ ಓದುತ್ತವೆ. ಕಾಗದವನ್ನು ಸ್ಕ್ಯಾನ್ ಮಾಡಿ ತಯಾರಿಸಿದ ಪಿ.ಡಿ.ಎಫ್. ಮಾತ್ರ ಬರಿಯ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ಬೇರೊಂದು ತಂತ್ರಾಂಶವಿಲ್ಲದೆ ಅದರಲ್ಲಿ ಯಂತ್ರಕ್ಕೆ ಒಂದಕ್ಷರವೂ ಸಿಗದು. ಅಂತೆಯೇ ವರ್ಡ್ ಆದ ಮಾತ್ರಕ್ಕೆ ಎಲ್ಲವೂ ಸರಿ ಎಂದೂ ಇಲ್ಲ. ಎರಡು ಅಂಕಣಗಳ ವಿನ್ಯಾಸದಲ್ಲಿ, ಪಟ್ಟಿಗಳಲ್ಲಿ, ಪಠ್ಯದ ಚೌಕಟ್ಟುಗಳಲ್ಲಿ ಬರೆದರೆ ಎಡಗಡೆಯ ಇಸವಿಗಳೆಲ್ಲ ಒಂದು ಗುಂಪಾಗಿ, ಬಲಗಡೆಯ ಉದ್ಯೋಗಗಳೆಲ್ಲ ಇನ್ನೊಂದು ಗುಂಪಾಗಿ ಹೊರಬರಬಹುದು. ದೂರವಾಣಿಯನ್ನು ಪುಟದ ಮೇಲಂಚಿನ ಹೆಡರಿನಲ್ಲಿ ಬರೆದರೆ ಕೆಲವು ತಂತ್ರಾಂಶಗಳು ಆ ಭಾಗವನ್ನು ಬಿಟ್ಟೇಬಿಡುತ್ತವೆ. ಕೌಶಲಗಳನ್ನು ಐದು ನಕ್ಷತ್ರಗಳಲ್ಲಿ ನಾಲ್ಕು ಎಂದು ಚಿತ್ರಿಸಿದರೆ ಯಂತ್ರಕ್ಕೂ ತಿಳಿಯದು, ಮನುಷ್ಯನಿಗೂ ತಿಳಿಯದು.

ಇದನ್ನು ಪರೀಕ್ಷಿಸಲು ಖರ್ಚಿಲ್ಲದ ಉಪಾಯವೊಂದಿದೆ. ಕಳುಹಿಸಬೇಕೆಂದಿರುವ ಕಡತವನ್ನು ತೆರೆದು, ಎಲ್ಲವನ್ನೂ ಆಯ್ದು ನಕಲು ಮಾಡಿ, ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಅಲಂಕಾರವೆಲ್ಲ ಕಳಚಿ ಬರಿಯ ಅಕ್ಷರ ಉಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಓದಿ. ಹೆಸರು ಮೊದಲು ಬಂದಿದೆಯೆ? ಪ್ರತಿ ಉದ್ಯೋಗದ ಪಕ್ಕದಲ್ಲಿ ಅದರ ಇಸವಿ ಇದೆಯೆ? ಅಕ್ಷರಗಳು ಎಲ್ಲಿಯಾದರೂ ನುಂಗಿಹೋಗಿವೆಯೆ? ಅಲ್ಲಿ ಅರ್ಥವಾಗುವ ಸಿ.ವಿ. ಏಜೆನ್ಸಿಯ ಯಂತ್ರದಲ್ಲಿಯೂ ಬಹುಮಟ್ಟಿಗೆ ಅರ್ಥವಾಗುತ್ತದೆ. ಅಲ್ಲಿ ಕಲಸುಮೇಲೋಗರವಾದರೆ ಕಡತದ ಬಗೆಯನ್ನು ಬದಲಾಯಿಸಿ ಪ್ರಯೋಜನವಿಲ್ಲ, ಜೋಡಣೆಯನ್ನೇ ಸರಳಗೊಳಿಸಬೇಕು.

ನಮ್ಮ ಹೆಸರುಗಳ ತೊಡಕು

ಇಲ್ಲಿ ಕನ್ನಡಿಗರಿಗೆ ವಿಶೇಷವಾದ ಒಂದು ತೊಡಕನ್ನು ಹೇಳಬೇಕು. ನಮ್ಮಲ್ಲಿ ಹೆಸರಿನ ಮುಂದೆ ಊರಿನದೊಂದು ಅಕ್ಷರ, ತಂದೆಯ ಹೆಸರಿನದೊಂದು ಅಕ್ಷರ ಇಡುವ ಪದ್ಧತಿ ಹಳೆಯದು. ಕೆಲವರಿಗೆ ಮನೆತನದ ಹೆಸರೇ ಇಲ್ಲ; ಪಾಸ್‌ಪೋರ್ಟ್ ಮಾಡಿಸುವಾಗ ತಂದೆಯ ಹೆಸರೋ ಊರಿನ ಹೆಸರೋ ಆ ಸ್ಥಾನದಲ್ಲಿ ಬಂದು ಕೂರುತ್ತದೆ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡೇ ಗೂಡುಗಳನ್ನು ಬಲ್ಲ ತಂತ್ರಾಂಶವು ಒಂಟಿ ಅಕ್ಷರವನ್ನು ಮೊದಲ ಹೆಸರೆಂದು ಭಾವಿಸಿಬಿಡಬಹುದು. ಪಾಸ್‌ಪೋರ್ಟಿನಲ್ಲಿ ಒಂದು, ಸಿ.ವಿ.ಯಲ್ಲಿ ಇನ್ನೊಂದು, ಇ-ಮೇಲ್‌ನಲ್ಲಿ ಮತ್ತೊಂದು ರೀತಿಯಲ್ಲಿ ಹೆಸರಿದ್ದರೆ ಏಜೆನ್ಸಿಯ ಸಂಗ್ರಹದಲ್ಲಿ ಒಬ್ಬರೇ ಇಬ್ಬರಾಗುವ ಸಂಭವವುಂಟು. ಒಂದು ದಾಖಲೆಯಲ್ಲಿ ಹೊಸ ಅನುಭವ, ಇನ್ನೊಂದರಲ್ಲಿ ಹಳೆಯ ದೂರವಾಣಿ! ಆದುದರಿಂದ ಪಾಸ್‌ಪೋರ್ಟಿನಲ್ಲಿ ಇರುವ ಕ್ರಮವನ್ನೇ, ಅಕ್ಷರ ಸಂಯೋಜನೆ ಕೂಡ ಬದಲಾಗದಂತೆ, ಎಲ್ಲೆಡೆ ಬಳಸುವುದು ಕ್ಷೇಮ.

ಕಡತಕ್ಕೆ ಇಡುವ ಹೆಸರೂ ಮುಖ್ಯ. 'ಸಿ.ವಿ.', 'ಹೊಸ ಸಿ.ವಿ.', 'ಕೊನೆಯ ಸಿ.ವಿ. ಎರಡು' ಎಂಬ ಹೆಸರುಗಳು ಏಜೆನ್ಸಿಯ ಗಣಕದಲ್ಲಿ ನೂರಾರು ಇರುತ್ತವೆ. ನಿಮ್ಮ ಹೆಸರು, ಹುದ್ದೆಯ ಹೆಸರು, ತಿಂಗಳು ಮತ್ತು ವರ್ಷ, ಇಷ್ಟನ್ನು ಕಡತದ ಹೆಸರಾಗಿ ಇಟ್ಟರೆ ಸಾಕು. ಊರಿನಲ್ಲಿ ಬಯೋಡೇಟಾದಲ್ಲಿ ಬರೆಯುತ್ತಿದ್ದ ತಂದೆಯ ಹೆಸರು, ಹುಟ್ಟಿದ ದಿನಾಂಕ, ವಿವಾಹದ ವಿವರ, ಭಾವಚಿತ್ರ ಇವು ಇಲ್ಲಿ ಬೇಕಿಲ್ಲ. 2010ರ ಸಮಾನತಾ ಕಾಯಿದೆಯು ವಯಸ್ಸು, ವಿವಾಹ, ಜನಾಂಗ, ಧರ್ಮ ಮುಂತಾದವುಗಳ ಆಧಾರದ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸಿರುವುದರಿಂದ ಇಂತಹ ವಿವರಗಳನ್ನು ನೋಡಲು ಉದ್ಯೋಗದಾತರೇ ಹಿಂಜರಿಯುತ್ತಾರೆ. ಈ ದೇಶದಲ್ಲಿ ದುಡಿಯಲು ಇರುವ ಅರ್ಹತೆಯನ್ನು ಒಂದು ಸಾಲಿನಲ್ಲಿ ಸ್ಪಷ್ಟವಾಗಿ ತಿಳಿಸಿರಿ. ಪಾಸ್‌ಪೋರ್ಟಿನ ಪ್ರತಿಯನ್ನಾಗಲಿ, ವೀಸಾ ಪರಿಶೀಲನೆಯ ಶೇರ್ ಕೋಡ್ ಅನ್ನಾಗಲಿ ಸಿ.ವಿ.ಯೊಳಗೆ ಸೇರಿಸಬೇಡಿ. ಅದು ನೇಮಕದ ಹಂತದಲ್ಲಿ, ಕೇಳಿದಾಗ ಮಾತ್ರ ಕೊಡತಕ್ಕದ್ದು.

ವರ್ಡ್ ಕಡತದ ಅಪಾಯಗಳು

ವರ್ಡ್ ಕಡತವನ್ನು ತಿದ್ದಬಹುದು ಎಂಬುದೇ ಅದರ ಗುಣ, ಅದೇ ಅದರ ದೋಷ. ವಿಳಾಸವನ್ನು ಅಳಿಸಬಲ್ಲ ಕೈ ಒಂದು ಸಾಲನ್ನು ಸೇರಿಸಲೂ ಬಲ್ಲದು. ಜಾಹೀರಾತಿನಲ್ಲಿ ಕೇಳಿದ್ದ ಕೌಶಲವೊಂದು ನಿಮ್ಮ ಸಿ.ವಿ.ಯಲ್ಲಿ ಇಲ್ಲದಿದ್ದರೆ, "ಇವರಿಗೆ ಇದು ಗೊತ್ತಿರಬಹುದು" ಎಂದು ಸೇರಿಸುವ ಆತುರಗಾರರು ಯಾವ ಕ್ಷೇತ್ರದಲ್ಲಿಯೂ ಇರುತ್ತಾರೆ. ಸಂದರ್ಶನದ ಕೊಠಡಿಯಲ್ಲಿ, ನೀವು ಬರೆಯದ ಸಾಲಿನ ಬಗ್ಗೆ ಪ್ರಶ್ನೆ ಬಂದಾಗ ಉತ್ತರಿಸಬೇಕಾದವರು ನೀವೇ.

ಸಿ.ವಿ.ಯ ಮಾತಿಗೆ ಈ ದೇಶದಲ್ಲಿ ಎಷ್ಟು ತೂಕವಿದೆ ಎಂಬುದಕ್ಕೆ ಒಂದು ನಿದರ್ಶನ: ಇಲ್ಲದ ಪದವಿಗಳನ್ನೂ ಅನುಭವವನ್ನೂ ಹೇಳಿಕೊಂಡು ಆಸ್ಪತ್ರೆಯಂತಹ ಸೇವಾಸಂಸ್ಥೆಯ ಮುಖ್ಯಸ್ಥನಾಗಿದ್ದ ವ್ಯಕ್ತಿಯೊಬ್ಬನ ಮೊಕದ್ದಮೆಯಲ್ಲಿ ಯು.ಕೆ. ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪು ನೀಡಿತು. ಆತನು ನಿಜವಾಗಿಯೂ ದುಡಿದಿದ್ದರೂ, ಸುಳ್ಳಿನಿಂದ ಸಂಬಳದಲ್ಲಿ ದೊರೆತ ಹೆಚ್ಚುವರಿ ಲಾಭಕ್ಕಾಗಿ ಸುಮಾರು 97,000 ಪೌಂಡುಗಳನ್ನು ಮುಟ್ಟುಗೋಲು ಹಾಕಿಕೊಳ್ಳುವುದು ನ್ಯಾಯವೆಂದಿತು. ಅದು ಉದ್ದೇಶಪೂರ್ವಕ ವಂಚನೆ. ಏಜೆನ್ಸಿಯವರು ಸೇರಿಸಿದ ಸಾಲಿಗೂ ಅದಕ್ಕೂ ಸಾಮ್ಯವಿಲ್ಲ. ಆದರೆ ಆ ಸಾಲು ನಮ್ಮದಲ್ಲ ಎಂದು ತೋರಿಸಲು ನಮ್ಮ ಬಳಿ ಏನಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರವೇ ನಾವು ಆರಂಭದಲ್ಲಿ ಹೇಳಿದ ಪಿ.ಡಿ.ಎಫ್. ಪ್ರತಿ.

ಇದರ ಕ್ರಮ ಹೀಗೆ. ವರ್ಡ್ ಕಡತವನ್ನು ಕಳುಹಿಸುವಾಗ ಅದರಿಂದಲೇ ಮಾಡಿದ ಪಿ.ಡಿ.ಎಫ್. ಅನ್ನೂ ಅದೇ ಪತ್ರಕ್ಕೆ ಲಗತ್ತಿಸಿ, "ವರ್ಡ್ ಪ್ರತಿ ತಮ್ಮ ಅನುಕೂಲಕ್ಕೆ, ಪಿ.ಡಿ.ಎಫ್. ನನ್ನ ಅಧಿಕೃತ ಪ್ರತಿ. ಬದಲಾವಣೆ ಮಾಡಿದಲ್ಲಿ ಕಳುಹಿಸುವ ಮುನ್ನ ನನಗೆ ತೋರಿಸಿರಿ" ಎಂದು ಎರಡು ಸಾಲು ಬರೆಯಿರಿ. ಒಂದೇ ಕಡತಕ್ಕೆ ಅವಕಾಶವಿರುವಲ್ಲಿ ವರ್ಡ್ ಅನ್ನು ಲಗತ್ತಿಸಿ, ಪಿ.ಡಿ.ಎಫ್. ಅನ್ನು ನಿಮ್ಮಲ್ಲಿಯೇ ದಿನಾಂಕದೊಡನೆ ಇಟ್ಟುಕೊಳ್ಳಿ. ಸಂದರ್ಶನಕ್ಕೆ ಹೋಗುವಾಗ ಅದರ ಎರಡು ಅಚ್ಚುಪ್ರತಿಗಳು ಚೀಲದಲ್ಲಿರಲಿ. ಏಜೆನ್ಸಿಯಲ್ಲಿರುವ ನಿಮ್ಮ ಮಾಹಿತಿಯ ಪ್ರತಿಯನ್ನು ಕೇಳುವ ಹಕ್ಕೂ, ತಪ್ಪಿದ್ದರೆ ತಿದ್ದಿಸುವ ಹಕ್ಕೂ ದತ್ತಾಂಶ ಸಂರಕ್ಷಣೆಯ ಕಾನೂನಿನಂತೆ ನಿಮಗಿದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಅವರು ಉತ್ತರಿಸಬೇಕು.

ವರ್ಡ್‌ನ ಎರಡನೆಯ ಅಪಾಯ ಅದರೊಳಗೆ ಅಡಗಿ ಕೂತಿರುವ ಮಾಹಿತಿ. 2003ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರವು ಇರಾಕಿನ ಬಗೆಗಿನ ವರದಿಯೊಂದನ್ನು ವರ್ಡ್ ಕಡತವಾಗಿಯೇ ಪ್ರಕಟಿಸಿತು. ಅದನ್ನು ಯಾರು ಯಾರು ತಿದ್ದಿದ್ದರೆಂಬ ಹೆಸರುಗಳು ಕಡತದೊಳಗೆ ಉಳಿದಿದ್ದು, ಬಲ್ಲವರು ಅವನ್ನು ಹೊರತೆಗೆದರು, ಸರ್ಕಾರಕ್ಕೆ ಮುಜುಗರವಾಯಿತು. ಸರ್ಕಾರಕ್ಕೆ ಆದದ್ದು ನಮಗೂ ಆಗಬಹುದು. ಗೆಳೆಯರೊಬ್ಬರು ಸಿ.ವಿ. ತಿದ್ದಿಕೊಟ್ಟಾಗ ಬದಲಾವಣೆಗಳ ಗುರುತು, ಅಂಚಿನ ಟಿಪ್ಪಣಿ, "ಈ ಎರಡು ವರ್ಷ ಏನು ಮಾಡುತ್ತಿದ್ದೆ?" ಎಂಬ ಪ್ರಶ್ನೆ, ಇವೆಲ್ಲ ಹಾಗೆಯೇ ಹೋಗಿ ಏಜೆನ್ಸಿಯವರ ಪರದೆಯ ಮೇಲೆ ತೆರೆದುಕೊಂಡಾವು. ವರ್ಡ್‌ನಲ್ಲಿ ಕಡತದ ಗುಪ್ತ ವಿವರಗಳನ್ನು ತಪಾಸಿಸುವ 'ಇನ್‌ಸ್ಪೆಕ್ಟ್ ಡಾಕ್ಯುಮೆಂಟ್' ಎಂಬ ಸೌಲಭ್ಯವಿದೆ. ತಿದ್ದುಪಡಿಗಳನ್ನೆಲ್ಲ ಅಂಗೀಕರಿಸಿ, ಟಿಪ್ಪಣಿಗಳನ್ನು ಅಳಿಸಿ, ಅದನ್ನೊಮ್ಮೆ ಬಳಸಿದ ಮೇಲೆಯೇ ಕಳುಹಿಸಿರಿ.

ಮೂರನೆಯದು ಚೆಹರೆಯ ಬದಲಾವಣೆ. ನಿಮ್ಮ ಗಣಕದಲ್ಲಿ ಎರಡು ಪುಟದ ಸಿ.ವಿ., ಅವರ ಗಣಕದಲ್ಲಿ ಅದೇ ಫಾಂಟು ಇಲ್ಲದೆ ಮೂರನೆಯ ಪುಟಕ್ಕೆ ಎರಡು ಸಾಲು ಚಾಚಬಹುದು. ಏರಿಯಲ್, ಕ್ಯಾಲಿಬ್ರಿಯಂತಹ ಸರ್ವಸಾಮಾನ್ಯ ಫಾಂಟುಗಳನ್ನು ಬಳಸಿ, ಎರಡನೆಯ ಪುಟದ ಕೊನೆಯಲ್ಲಿ ಒಂದಿಷ್ಟು ಬಿಳಿ ಜಾಗ ಬಿಟ್ಟರೆ ಈ ಕಾಟ ತಪ್ಪುತ್ತದೆ.

ಪಿ.ಡಿ.ಎಫ್. ಎಲ್ಲಿ? ಉಳಿದವು ಎಲ್ಲಿ?

ಉದ್ಯೋಗದಾತರಿಗೆ ನೇರವಾಗಿ ಬರೆಯುವಾಗ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಕಳುಹಿಸುವಾಗ, ಪರಿಚಿತರ ಮೂಲಕ ಸಿ.ವಿ. ತಲುಪಿಸುವಾಗ ಯಾರೂ ಅದನ್ನು ತಿದ್ದಬೇಕಾಗಿಲ್ಲ, ನೋಡಬೇಕು ಅಷ್ಟೆ. ಅಲ್ಲಿ ಪಿ.ಡಿ.ಎಫ್. ಉತ್ತಮ. ನೋಡುವುದಕ್ಕೆ ಒಂದು ರೂಪ, ತಿದ್ದುವುದಕ್ಕೆ ಇನ್ನೊಂದು ಎಂಬ ತತ್ತ್ವವನ್ನು ಬ್ರಿಟಿಷ್ ಸರ್ಕಾರವೂ 2014ರ ಜುಲೈನಲ್ಲಿ ತನ್ನ ದಾಖಲೆಗಳಿಗೆ ಒಪ್ಪಿಕೊಂಡಿತು: ಬರಿಯ ಓದಿಗೆ ಎಚ್.ಟಿ.ಎಂ.ಎಲ್. ಅಥವಾ ಪಿ.ಡಿ.ಎಫ್.ನ ಸಂಗ್ರಹಯೋಗ್ಯ ರೂಪ, ಜೊತೆಗೂಡಿ ತಿದ್ದುವ ದಾಖಲೆಗಳಿಗೆ ಒ.ಡಿ.ಎಫ್. ಎಂಬ ಮುಕ್ತ ಮಾನಕ. ಸರ್ಕಾರ ಆಯ್ದ ಕಡತಗಳು ಬೇರೆಯಾದರೂ ವಿವೇಕ ಒಂದೇ. ಇನ್ನು ಜಾಹೀರಾತಿನಲ್ಲಿಯೇ ಇಂಥ ಬಗೆಯ ಕಡತ ಬೇಕೆಂದು ಹೇಳಿದ್ದರೆ, ನಾವು ಇಲ್ಲಿ ಹೇಳಿದ್ದನ್ನೆಲ್ಲ ಬದಿಗಿಟ್ಟು ಅವರು ಕೇಳಿದ್ದನ್ನೇ ಕೊಡಬೇಕು.

ನಮ್ಮಲ್ಲಿ ವೈದ್ಯರೂ ದಾದಿಯರೂ ಬಹಳ ಮಂದಿ ಇರುವುದರಿಂದ ಒಂದು ಮಾತು. ಎನ್.ಎಚ್.ಎಸ್.ನ ಖಾಯಂ ಹುದ್ದೆಗಳಿಗೆ ಸಾಮಾನ್ಯವಾಗಿ ಗಣಕದ ಮೇಲಿನ ಅರ್ಜಿ ನಮೂನೆಯನ್ನೇ ತುಂಬಬೇಕು. ಅಲ್ಲಿ ಕಡತದ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಏಜೆನ್ಸಿಯ ಮೂಲಕ ತಾತ್ಕಾಲಿಕ ಲೋಕಮ್ ಕೆಲಸಕ್ಕೆ ಹೋಗುವಾಗ ಮಾತ್ರ ಮೇಲಿನ ಮಾತುಗಳೆಲ್ಲ ಅನ್ವಯಿಸುತ್ತವೆ.

ಉಳಿದ ರೂಪಗಳ ವಿಚಾರ ಸಂಕ್ಷೇಪವಾಗಿ: ಆಪಲ್ ಗಣಕದ ಪೇಜಸ್ ಕಡತವು ವರ್ಡ್‌ನಲ್ಲಿ ತೆರೆಯದು, ಲಿಬ್ರೆ ಆಫೀಸಿನಲ್ಲಿ ಬರೆದವರು ಕೊನೆಗೆ ವರ್ಡ್ ರೂಪದಲ್ಲಿ ಉಳಿಸಿ ಕಳುಹಿಸಬೇಕು. ಗೂಗಲ್ ಡಾಕ್ಸ್‌ನ ಕೊಂಡಿಯನ್ನು ಕಳುಹಿಸಿದರೆ, ತೆರೆಯಲು ಅನುಮತಿ ಕೋರಬೇಕಾದೀತು. ಹಾಗೆ ಕೋರುವಷ್ಟು ವ್ಯವಧಾನ ಅವರಿಗಿಲ್ಲ. ಗುಪ್ತಪದ ಹಾಕಿದ ಕಡತ, ಜಿಪ್ ಮಾಡಿದ ಕಡತ, ಮೊಬೈಲಿನಲ್ಲಿ ಕಾಗದದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರ, ಇವು ಯಾವುವೂ ಬೇಡ.

ಒಪ್ಪಿಗೆ ನಿಮ್ಮದಾಗಿರಲಿ

ಕೊನೆಯದಾಗಿ, ಕಡತಕ್ಕಿಂತಲೂ ಅದು ಎಲ್ಲೆಲ್ಲಿಗೆ ಹೋಗುತ್ತದೆ ಎಂಬ ವಿಚಾರ. ಒಂದೇ ಹುದ್ದೆಗೆ ಬರ್ಮಿಂಗ್‌ಹ್ಯಾಮಿನ ಏಜೆನ್ಸಿಯೂ ಮ್ಯಾಂಚೆಸ್ಟರಿನ ಏಜೆನ್ಸಿಯೂ ಜನರನ್ನು ಹುಡುಕುತ್ತಿರುವುದು ಅಪರೂಪವಲ್ಲ. ಇಬ್ಬರೂ ನಿಮ್ಮ ಸಿ.ವಿ.ಯನ್ನು ಕಳುಹಿಸಿದರೆ ಶುಲ್ಕ ಯಾರಿಗೆ ಸಲ್ಲಬೇಕೆಂಬ ವಿವಾದ ಬೇಡವೆಂದು ಉದ್ಯೋಗದಾತರು ಇಬ್ಬರ ಪ್ರತಿಯನ್ನೂ ತಳ್ಳಿಹಾಕಬಹುದು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುತ್ತದೆ. ಆದುದರಿಂದ "ಉದ್ಯೋಗದಾತರ ಹೆಸರು ತಿಳಿಸಿ, ನನ್ನ ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಸಿ.ವಿ. ಕಳುಹಿಸಿರಿ" ಎಂದು ಮೊದಲ ಪತ್ರದಲ್ಲಿಯೇ ವಿನಯದಿಂದ ಬರೆಯಿರಿ. ಯಾವ ಏಜೆನ್ಸಿ, ಯಾವ ಕಂಪನಿ, ಯಾವ ದಿನ, ಯಾವ ಪ್ರತಿ ಎಂಬ ನಾಲ್ಕು ಅಂಕಣಗಳ ಪಟ್ಟಿಯೊಂದನ್ನು ನೋಟ್‌ಪುಸ್ತಕದಲ್ಲಿ ಇಟ್ಟುಕೊಳ್ಳಿ.

ಕೆಲಸ ಹುಡುಕಿಕೊಡುವುದಕ್ಕೆಂದು ಅಭ್ಯರ್ಥಿಯಿಂದ ಹಣ ಕೇಳುವುದನ್ನು 1973ರ ಉದ್ಯೋಗ ಏಜೆನ್ಸಿಗಳ ಕಾಯಿದೆ ನಿಷೇಧಿಸಿದೆ. ಮನರಂಜನೆ, ರೂಪದರ್ಶಿಗಳಂತಹ ಕೆಲವು ಕ್ಷೇತ್ರಗಳಿಗೆ ಮಾತ್ರ ವಿನಾಯಿತಿ. ಸಿ.ವಿ. ಬರೆದುಕೊಡುವಂತಹ ಬೇರೆ ಸೇವೆಗಳಿಗೆ ಶುಲ್ಕ ಇರಬಹುದು. ಆದರೆ ಅದನ್ನು ಕೊಂಡರೆ ಮಾತ್ರ ಕೆಲಸ ಹುಡುಕುತ್ತೇವೆ ಎಂದು ಷರತ್ತು ಹಾಕುವಂತಿಲ್ಲ. ಊರಿನಿಂದ ಈಗತಾನೆ ಬಂದ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ವೀಸಾದ ಅವಧಿ ಕರಗುತ್ತಿರುವಾಗ ಯಾರು ಏನು ಕೇಳಿದರೂ ಕೊಟ್ಟುಬಿಡುವ ಮನಸ್ಸಾಗುವುದು ಸಹಜ.

ಬಂಧುಗಳೇ, ಸರಿಯಾದ ಕಡತದ ಆಯ್ಕೆಯಿಂದಲೇ ಉದ್ಯೋಗ ದೊರೆಯುತ್ತದೆಂದು ನಾವು ಹೇಳುವುದಿಲ್ಲ. ವಿದ್ಯೆ, ಅನುಭವ, ಸಂದರ್ಶನದ ಮಾತು ಇವೇ ಮುಖ್ಯ. ಆದರೆ ಇಪ್ಪತ್ತು ವರ್ಷದ ದುಡಿಮೆಯು ಓದಲಾಗದ ಕಡತದಿಂದಾಗಿ ಮನುಷ್ಯನ ಕಣ್ಣಿಗೇ ಬೀಳದೆ ಹೋಗುವುದು ಅನ್ಯಾಯ. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲಿಯೇ ಇದೆ. ಈ ಬಳಗದಲ್ಲಿ ನೇಮಕಾತಿಯ ಅನುಭವವುಳ್ಳ ಹಿರಿಯರಿದ್ದಾರೆ. ತಿಂಗಳ ಕೂಟದ ದಿನ ಅರ್ಧ ಗಂಟೆಯನ್ನು ಮೀಸಲಿಟ್ಟು ಕಿರಿಯರ ಸಿ.ವಿ.ಗಳನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿಕೊಟ್ಟರೆ ಅದೂ ಒಂದು ಕನ್ನಡ ಸೇವೆಯೇ ಸರಿ.  ಕೆಲಸ ಅರಸುತ್ತಿರುವ ಎಲ್ಲರಿಗೂ ಶುಭವಾಗಲಿ.